ಚಿತ್ರದ ಮೇಲಿನ ಬಿಳಿಯ ಚುಕ್ಕೆ

ನಮ್ಮ ಮೇಜಿನ ಮೇಲೆ ಒಂದು ಛಾಯಾಚಿತ್ರವಿದೆ. ೧೨ ಸೆಂಟಿಮೀಟರ್ ಎತ್ತರ, ೧೮ ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪು ಚಿತ್ರ. ಸಾಗರ ಸೀಮೆಯ ಒಂದು ಹೆಂಚಿನ ಮನೆಯ ಅಂಗಳ; ಅಲ್ಲಿ ಎರಡು ಕುರ್ಚಿಗಳ ಮೇಲೆ ಕುಳಿತಿರುವವರು ನಮ್ಮ ಚಿಕ್ಕಪ್ಪನವರು ಮತ್ತು ಚಿಕ್ಕಮ್ಮನವರು. ಚಿಕ್ಕಪ್ಪನವರ ಮುಖದ ಒಂದೊಂದು ಸುಕ್ಕೂ, ಚಿಕ್ಕಮ್ಮನವರ ಸೀರೆಯಂಚಿನ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿವೆ. ಹಿಂದೆ ಅಡಕೆ ತೋಟದ ಕಪ್ಪು ನೆರಳು. ಆ ನೆರಳಿನ ನಡುವೆ, ಚಿತ್ರದ ಮೇಲಿನ ಬಲಭಾಗದಲ್ಲಿ, ಎಳ್ಳುಕಾಳಿನಷ್ಟು ದೊಡ್ಡದಾದ ಒಂದು ಬಿಳಿಯ ಚುಕ್ಕೆ!

ಹಗಲು ಹೊತ್ತಿನಲ್ಲಿ, ಅದೂ ತೋಟದ ನಡುವೆ, ನಕ್ಷತ್ರ ಮೂಡುವುದುಂಟೆ? ೨೦೧೧ರ ಜನವರಿಯಲ್ಲಿ ಈ ಚಿತ್ರವನ್ನು ತೆಗೆದವರು ನಾವೇ. ತೆಗೆದ ಯಂತ್ರ ಚಿಕ್ಕಪ್ಪನವರದು: ೧೯೫೦ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಒಂದು ಲೈಕಾ ಕ್ಯಾಮರಾ. ವಿಜ್ಞಾನದ ಉಪಾಧ್ಯಾಯರಾಗಿದ್ದ ಅವರು ಅದನ್ನು ಮುಂಬಯಿಯಲ್ಲಿ ಒಬ್ಬರಿಂದ ಹಳೆಯ ಮಾಲಾಗಿ ಕೊಂಡು, ಐವತ್ತು ವರ್ಷ ಜೋಪಾನವಾಗಿ ಬಳಸಿ, ಕೈ ನಡುಗಲಾರಂಭಿಸಿದ ಮೇಲೆ ನಮ್ಮ ವಶಕ್ಕೆ ಕೊಟ್ಟಿದ್ದರು. ಐವತ್ತು ವರ್ಷ ಒಂದು ಕಲೆಯೂ ಇಲ್ಲದೆ ಚಿತ್ರ ಕೊಟ್ಟ ಯಂತ್ರ, ನಮ್ಮ ಕೈಗೆ ಬಂದ ಹದಿನೈದೇ ದಿನಗಳಲ್ಲಿ ಹೀಗೆ ಚುಕ್ಕೆಯಿಡತೊಡಗಿದರೆ ನಮಗಾದ ಸಂಕಟವನ್ನು ವಾಚಕರು ಊಹಿಸಿಕೊಳ್ಳಬಹುದು. ಅದೇ ಸುರುಳಿಯ ಇನ್ನೂ ಏಳೆಂಟು ಚಿತ್ರಗಳಲ್ಲಿ, ಸರಿಯಾಗಿ ಅದೇ ಸ್ಥಳದಲ್ಲಿ, ಅದೇ ಚುಕ್ಕೆಯಿತ್ತು, ಉಳಿದವುಗಳಲ್ಲಿ ಇರಲಿಲ್ಲ.

ಈ ಚುಕ್ಕೆ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ಒಂದು ಹಳೆಯ ಕ್ಯಾಮರಾ ಹೇಗೆ ಕೆಲಸ ಮಾಡುತ್ತದೆಂಬುದು ನಮಗೆ ಮೊದಲ ಬಾರಿ ನಿಜವಾಗಿ ತಿಳಿಯಿತು. ಆ ಹುಡುಕಾಟದ ಕಥೆಯೇ ಈ ಲೇಖನ.

ಮೂರು ತಪ್ಪು ಊಹೆಗಳು

ಮೊದಲು ನಾವು ದೂರಿದ್ದು ಚಿತ್ರವನ್ನು ಮುದ್ರಿಸಿಕೊಟ್ಟ ಸ್ಟುಡಿಯೋದವರನ್ನು. ಫಿಲ್ಮಿನ ಮೇಲೆ ಧೂಳಿನ ಕಣ ಕುಳಿತಿದ್ದರೆ ಮುದ್ರಿಸುವಾಗ ಅದರ ನೆರಳು ಕಾಗದದ ಮೇಲೆ ಬಿದ್ದು ಬಿಳಿಯ ಚುಕ್ಕೆಯಾಗುತ್ತದೆ. ಆದರೆ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದಾಗ ಅಲ್ಲಿ ಧೂಳಿರಲಿಲ್ಲ. ಫಿಲ್ಮಿನ ಲೇಪದಲ್ಲಿಯೇ ಅಚ್ಚ ಕಪ್ಪು ಬಿಂದುವಿತ್ತು. ನೆಗೆಟಿವಿನಲ್ಲಿ ಕಪ್ಪೆಂದರೆ ಆ ಸ್ಥಳಕ್ಕೆ ಬೆಳಕು ಅತಿಯಾಗಿ ತಾಗಿದೆಯೆಂದು ಅರ್ಥ. ಸ್ಟುಡಿಯೋದವರು ನಿರ್ದೋಷಿಗಳು!

ಎರಡನೆಯದಾಗಿ ಫಿಲ್ಮೇ ಕೆಟ್ಟಿರಬಹುದೆಂದು ಶಂಕಿಸಿದೆವು. ಆದರೆ ಕೆಟ್ಟ ಫಿಲ್ಮಿನ ಕಲೆಗಳು ಎಲ್ಲೆಂದರಲ್ಲಿ ಬೀಳಬೇಕು. ಏಳೆಂಟು ಚಿತ್ರಗಳಲ್ಲಿ ಒಂದೇ ಸ್ಥಳವನ್ನು ಹುಡುಕಿ ಬಂದು ಕೂರುವಷ್ಟು ವಿವೇಕ ಅವಕ್ಕಿಲ್ಲ.

ಮೂರನೆಯ ಊಹೆ ಮಸೂರದ ಮೇಲೆ. ಅದರ ಮೈಮೇಲೆ ಗೀರೋ ಗುಳ್ಳೆಯೋ ಇದ್ದು, ಅದು ಚಿತ್ರದಲ್ಲಿ ಬಿದ್ದಿರಬೇಕೆಂದು ಎಣಿಸಿದೆವು. ಇದೂ ತಪ್ಪೇ. ದೃಶ್ಯದ ಒಂದೊಂದು ಬಿಂದುವಿನಿಂದ ಹೊರಟ ಬೆಳಕು ಮಸೂರದ ಇಡೀ ಮುಖವನ್ನು ತುಂಬಿ ಒಳನುಗ್ಗಿ, ಫಿಲ್ಮಿನ ಮೇಲೆ ಮತ್ತೆ ಒಂದೇ ಬಿಂದುವಾಗಿ ಕೂಡುತ್ತದೆ. ಆದ್ದರಿಂದ ಮಸೂರದ ಒಂದು ಮೂಲೆಯಲ್ಲಿರುವ ಕಲೆ ಚಿತ್ರದ ಒಂದು ಮೂಲೆಗೆ ಸಂಬಂಧಿಸಿದ್ದಲ್ಲ. ಅದು ಇಡೀ ಚಿತ್ರದ ಬೆಳಕನ್ನು ತುಸು ಕುಂದಿಸಬಹುದು, ಅಷ್ಟೆ. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಕೋಣೆಯೊಂದರಲ್ಲಿ ಕಿಟಕಿಯ ಎದುರಿನ ಗೋಡೆಯ ಹತ್ತಿರ ಒಂದು ಭೂತಗನ್ನಡಿಯನ್ನು ಹಿಡಿದು, ಹಿಂದೆ ಮುಂದೆ ಸರಿಸಿದರೆ ಕಿಟಕಿಯ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಮೂಡುತ್ತದೆ. ಈಗ ಭೂತಗನ್ನಡಿಯ ಮೇಲೆ ಕಡಲೆಕಾಳಿನಷ್ಟು ಕಾಗದದ ಚೂರನ್ನು ಅಂಟಿಸಿ ನೋಡಿರಿ. ಗೋಡೆಯ ಚಿತ್ರದಲ್ಲಿ ಆ ಚೂರು ಎಲ್ಲಿಯೂ ಕಾಣದು!

ಮೂರು ಊಹೆಗಳೂ ಬಿದ್ದುಹೋದ ಮೇಲೆ ಉಳಿದದ್ದು ಒಂದೇ ದಾರಿ: ಯಂತ್ರವನ್ನು ಮೊದಲಿನಿಂದ ಅರಿಯುವುದು.

ಉಬ್ಬಸದ ರೋಗಿಯ ಪುಟ್ಟ ಕ್ಯಾಮರಾ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಳ್ಳೆಯ ಛಾಯಾಚಿತ್ರ ಬೇಕಾದವನು ಮರದ ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಗಾಜಿನ ಫಲಕಗಳ ಹೊರೆ ಇವಿಷ್ಟನ್ನೂ ಹೊತ್ತು ತಿರುಗಬೇಕಾಗಿತ್ತು. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿದ್ದ ಲೈಟ್ಜ್ ಕಾರ್ಖಾನೆಗೆ ೧೯೧೧ರಲ್ಲಿ ಸೇರಿದ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿಗೆ ಛಾಯಾಗ್ರಹಣದ ಹುಚ್ಚು ಬಹಳ; ಆದರೆ ಆತನಿಗೆ ಉಬ್ಬಸ. ಹೊರೆ ಹೊತ್ತು ಬೆಟ್ಟ ಹತ್ತುವುದು ಆತನಿಂದಾಗದು. ಚಿಕ್ಕ ನೆಗೆಟಿವ್ ತೆಗೆದು ಅದನ್ನು ದೊಡ್ಡದಾಗಿ ಮುದ್ರಿಸಿದರಾಗದೆ ಎಂದು ಆತ ಯೋಚಿಸಿದ. ಚಲಚ್ಚಿತ್ರಕ್ಕೆ ಬಳಸುತ್ತಿದ್ದ ೩೫ ಮಿಲಿಮೀಟರ್ ಅಗಲದ ಫಿಲ್ಮನ್ನೇ ತೆಗೆದುಕೊಂಡು, ೧೮ × ೨೪ ಮಿಲಿಮೀಟರಿನ ಸಿನಿಮಾ ಚೌಕಟ್ಟನ್ನು ಇಮ್ಮಡಿಸಿ ೨೪ × ೩೬ ಮಿಲಿಮೀಟರ್ ಮಾಡಿಕೊಂಡ. ೧೯೧೪ರ ಹೊತ್ತಿಗೆ ಕೋಟಿನ ಜೇಬಿನಲ್ಲಿ ಹಿಡಿಯುವ ಮಾದರಿ ಸಿದ್ಧವಾಗಿತ್ತು.

ಅಷ್ಟರಲ್ಲಿ ಮಹಾಯುದ್ಧ ಬಂತು. ಅದರ ಹಿಂದೆಯೇ ಜರ್ಮನಿಯಲ್ಲಿ ಹಣದ ಮೌಲ್ಯ ಕುಸಿಯಿತು. ಹೊಸ ಸರಕಿಗೆ ಕೈಹಾಕಲು ಅದು ಕಾಲವಲ್ಲ. ಆದರೂ ಕಾರ್ಖಾನೆಯ ಒಡೆಯ ಎರಡನೆಯ ಅರ್ನ್‌ಸ್ಟ್ ಲೈಟ್ಜ್ ಧೈರ್ಯ ಮಾಡಿದ. ೧೯೨೫ರ ವಸಂತದಲ್ಲಿ ಲೈಪ್‌ಜಿಗ್ ಪಟ್ಟಣದ ಮೇಳದಲ್ಲಿ ಈ ಕ್ಯಾಮರಾ ಜನರೆದುರು ಬಂತು. ‘ಲೈಟ್ಜ್’ ಮತ್ತು ‘ಕ್ಯಾಮರಾ’ ಎಂಬ ಎರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಲೈಕಾ’ ಎಂದು ಹೆಸರಿಟ್ಟರು. ಬಾರ್ನಾಕ್ ೧೯೩೬ರಲ್ಲಿ ತೀರಿಕೊಂಡ. ಆತ ಗೊತ್ತುಮಾಡಿದ ೨೪ × ೩೬ರ ಅಳತೆ ಮಾತ್ರ ಇಂದಿನ ದೊಡ್ಡ ಡಿಜಿಟಲ್ ಕ್ಯಾಮರಾಗಳ ಸಂವೇದಕಗಳಲ್ಲಿಯೂ ಉಳಿದುಕೊಂಡಿದೆ.

ಚಿಕ್ಕಪ್ಪನವರ ಕ್ಯಾಮರಾ ಇದೇ ವಂಶದ ‘ಮೂರು ಎಫ್’ ಎಂಬ ಮಾದರಿ; ೧೯೫೦ರಿಂದ ೧೯೫೭ರವರೆಗೆ ತಯಾರಾದದ್ದು. ಅದರ ಮುಂದೆ ತಿರುಪಿನಿಂದ ಕೂಡಿಸಿದ ಮಸೂರ ‘ಎಲ್ಮಾರ್’. ನಾಭಿದೂರ ೫೦ ಮಿಲಿಮೀಟರ್.

ನಾಲ್ಕು ಗಾಜುಗಳ ಪಂಚಾಯಿತಿ

ಚಿತ್ರ ಮೂಡಿಸಲು ಒಂದು ಭೂತಗನ್ನಡಿ ಸಾಲುವುದಾದರೆ ಕ್ಯಾಮರಾಕ್ಕೆ ಅಷ್ಟೊಂದು ಗಾಜುಗಳೇಕೆ? ಗೋಡೆಯ ಮೇಲೆ ಮೂಡಿದ ಕಿಟಕಿಯ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಉತ್ತರ ಅಲ್ಲಿಯೇ ಇದೆ. ನಡುಭಾಗ ಸ್ಪಷ್ಟವಾದಾಗ ಅಂಚು ಮಂಜಾಗುತ್ತದೆ. ಅಂಚು ಸ್ಪಷ್ಟವಾದಾಗ ನಡುಭಾಗ ಮಂಜು. ಮಸೂರ ಮೂಡಿಸುವ ಚಿತ್ರ ಬಟ್ಟಲಿನಂತೆ ಬಾಗಿರುವುದೂ ಗೋಡೆ ಚಪ್ಪಟೆಯಾಗಿರುವುದೂ ಇದಕ್ಕೆ ಕಾರಣ. ಇನ್ನೊಂದು ದೋಷ ಬಣ್ಣದ್ದು: ಗಾಜು ನೀಲಿಯ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಎರಡೂ ಒಂದೇ ದೂರದಲ್ಲಿ ಕೂಡಿಕೊಳ್ಳವು. ಮೂರನೆಯದು, ಮಸೂರದ ಅಂಚಿನಿಂದ ಹಾದ ಕಿರಣ ನಡುವಿನಿಂದ ಹಾದ ಕಿರಣಕ್ಕಿಂತ ಹತ್ತಿರದಲ್ಲಿ ಸೇರುತ್ತದೆ.

ಒಂದೇ ಗಾಜಿನಿಂದ ಇಷ್ಟು ದೋಷಗಳನ್ನು ನೀಗಲಾಗದು. ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುವಂತೆ ಹಲವು ಗಾಜುಗಳನ್ನು ಕೂಡಿಸಬೇಕು. ೧೮೯೩ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಎಂಬಾತ, ಉಬ್ಬಿದ ಎರಡು ಮಸೂರಗಳ ನಡುವೆ ತಗ್ಗಿದ ಒಂದನ್ನಿಟ್ಟು, ಮೂರೇ ಗಾಜುಗಳಿಂದ ಬಹುಪಾಲು ದೋಷಗಳನ್ನು ತಗ್ಗಿಸಬಹುದೆಂದು ತೋರಿಸಿದ. ಉಬ್ಬಿದ ಗಾಜುಗಳು ಬೆಳಕನ್ನು ಕೂಡಿಸಿದರೆ, ಬೇರೆ ಜಾತಿಯ ಗಾಜಿನಿಂದಾದ ತಗ್ಗುಮಸೂರ ಅವು ತಂದ ಬಣ್ಣದ ದೋಷವನ್ನೂ ಬಾಗುವಿಕೆಯನ್ನೂ ಹಿಂದಕ್ಕೆಳೆಯುತ್ತದೆ. ೧೯೦೨ರಲ್ಲಿ ಜರ್ಮನಿಯ ಜೈಸ್ ಕಾರ್ಖಾನೆಯ ಪೌಲ್ ರುಡಾಲ್ಫ್ ನಾಲ್ಕು ಗಾಜುಗಳ ‘ಟೆಸಾರ್’ ಎಂಬ ಮಸೂರವನ್ನು ರಚಿಸಿದ. ಅದರ ಹೆಸರು ನಾಲ್ಕು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಅದರಲ್ಲಿ ಕೊನೆಯ ಎರಡು ಗಾಜುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲೈಟ್ಜ್ ಕಾರ್ಖಾನೆಯ ಗಣಿತಜ್ಞ ಮ್ಯಾಕ್ಸ್ ಬೆರೆಕ್ ಲೈಕಾಕ್ಕಾಗಿ ಲೆಕ್ಕ ಹಾಕಿದ ಎಲ್ಮಾರ್ ಕೂಡ ಹೀಗೆಯೇ ಮೂರು ಗುಂಪುಗಳಲ್ಲಿ ನಾಲ್ಕು ಗಾಜುಗಳುಳ್ಳದ್ದು. ಗಣಕಯಂತ್ರವಿಲ್ಲದ ಕಾಲ, ಒಂದೊಂದು ಕಿರಣವೂ ಒಂದೊಂದು ಗಾಜಿನಲ್ಲಿ ಎಷ್ಟು ಬಾಗುವುದೆಂಬುದನ್ನು ಕೋಷ್ಟಕಗಳ ನೆರವಿನಿಂದ ಕೈಯಲ್ಲಿಯೇ ಲೆಕ್ಕ ಮಾಡಬೇಕಾಗಿತ್ತು.

ಎಲ್ಮಾರ್ ಮಸೂರದ ಮೇಲೆ ‘೧:೩.೫’ ಎಂದು ಕೊರೆದಿದೆ. ಬೆಳಕು ಹೊಗುವ ಕಿಂಡಿಯ ವ್ಯಾಸ ಹೆಚ್ಚೆಂದರೆ ನಾಭಿದೂರದ ಮೂರೂವರೆಯಲ್ಲೊಂದು ಪಾಲು, ಅಂದರೆ ಸುಮಾರು ೧೪ ಮಿಲಿಮೀಟರ್, ಎಂಬುದು ಅದರ ಅರ್ಥ. ಮುಂಭಾಗದ ಪುಟ್ಟ ಗುಂಡಿಯನ್ನು ಸರಿಸಿದರೆ ಒಳಗಿನ ತೆಳು ಲೋಹದ ರೆಕ್ಕೆಗಳು ಕೂಡಿಕೊಂಡು ಕಿಂಡಿ ಕಿರಿದಾಗುತ್ತದೆ. ೧೬ ಎಂಬ ಗುರುತಿಗೆ ತಂದಾಗ ಅದರ ವ್ಯಾಸ ಬರಿಯ ೩ ಮಿಲಿಮೀಟರ್. ಈ ೧೪ ಮತ್ತು ೩ರ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಚುಕ್ಕೆಗೆ ಅದರ ಸಂಬಂಧವುಂಟು.

ಕಿಲುಬು ಹಿಡಿದ ಗಾಜಿನ ಪಾಠ

ಹಳೆಯ ಮಸೂರಗಳ ವಿಷಯದಲ್ಲಿ ಒಂದು ಸೋಜಿಗದ ಸಂಗತಿಯಿದೆ. ಗಾಜಿನ ಮೈಗೆ ಬೆಳಕು ತಾಗಿದಾಗ ನೂರರಲ್ಲಿ ಸುಮಾರು ನಾಲ್ಕು ಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಎಲ್ಮಾರಿನಲ್ಲಿ ಗಾಳಿಗೆ ತೆರೆದ ಮೈಗಳು ಆರು. ಆರು ಕಡೆಯೂ ಹೀಗೆ ಸುಂಕ ತೆತ್ತ ಮೇಲೆ ಫಿಲ್ಮಿಗೆ ತಲುಪುವುದು ನೂರರಲ್ಲಿ ೭೮ ಪಾಲು ಮಾತ್ರ. ನಷ್ಟವಾದ ಬೆಳಕು ಸುಮ್ಮನೆ ಹೋಗುವುದೂ ಇಲ್ಲ. ಗಾಜುಗಳ ನಡುವೆ ಅಲೆದಾಡಿ, ಕಪ್ಪಾಗಿರಬೇಕಾದ ನೆರಳುಗಳ ಮೇಲೆ ಹಾಲು ಚೆಲ್ಲಿದಂತೆ ಹರಡುತ್ತದೆ.

ಮೇಲೆ ಹೇಳಿದ ಡೆನಿಸ್ ಟೇಲರ್ ೧೮೯೦ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡು ಕಿಲುಬು ಹಿಡಿದಂತಾದ ಹಳೆಯ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿದ್ದವು! ಆ ಕಿಲುಬಿನ ತೆಳುಪೊರೆಯ ಮೇಲುಮೈಯಿಂದ ಹಿಂದಿರುಗುವ ಬೆಳಕಿನಲೆಯೂ ಒಳಮೈಯಿಂದ ಹಿಂದಿರುಗುವ ಅಲೆಯೂ ಒಂದನ್ನೊಂದು ಅಳಿಸಿಹಾಕುವುದೇ ಇದಕ್ಕೆ ಕಾರಣ. ೧೯೩೫ರಲ್ಲಿ ಜೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲಾ ನಿರ್ವಾತದಲ್ಲಿ ಇಂತಹ ಪೊರೆಯನ್ನು ಬೇಕೆಂದೇ ಲೇಪಿಸುವ ವಿಧಾನವನ್ನು ಕಂಡುಹಿಡಿದ. ಪೊರೆಯ ದಪ್ಪ ಬೆಳಕಿನ ಅಲೆಯುದ್ದದ ಕಾಲುಭಾಗ. ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಎರಡನೆಯ ಮಹಾಯುದ್ಧದ ಅನಂತರದ ಎಲ್ಮಾರುಗಳಿಗೆ ಈ ಲೇಪವಿದೆ. ಹಳೆಯ ಮಸೂರವೊಂದು ಕೈಗೆ ಸಿಕ್ಕರೆ ವಾಚಕರು ಅದರಲ್ಲಿ ದೀಪದ ಪ್ರತಿಬಿಂಬವನ್ನು ನೋಡಲಿ: ಪ್ರತಿಬಿಂಬ ಬೆಳ್ಳಗಿದ್ದರೆ ಲೇಪವಿಲ್ಲ, ನೀಲಿ ಅಥವಾ ನೇರಳೆ ಛಾಯೆಯಿದ್ದರೆ ಲೇಪವುಂಟು. ಆ ಕಾಲದ ಲೇಪ ಬಲು ಮೃದು. ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ. ಧೂಳನ್ನು ಮೊದಲು ಊದಿ, ಬಳಿಕ ಮೃದುವಾದ ಕುಂಚದಿಂದ ತೆಗೆಯುವುದೇ ಲೇಸು.

ಎರಡು ಕಿಂಡಿ, ಒಂದು ತ್ರಿಕೋಣ

ಈ ಕ್ಯಾಮರಾದಲ್ಲಿ ನಾವು ನೋಡುವುದು ಚಿತ್ರ ತೆಗೆಯುವ ಮಸೂರದ ಮೂಲಕವಲ್ಲ. ಹಿಂಬದಿಯಲ್ಲಿ ಅಕ್ಕಪಕ್ಕದಲ್ಲಿ ಎರಡು ಪುಟ್ಟ ಕಿಂಡಿಗಳಿವೆ. ಒಂದರಿಂದ ದೃಶ್ಯದ ಎಲ್ಲೆಯನ್ನು ಕಾಣಬೇಕು. ಇನ್ನೊಂದರಿಂದ ದೂರವನ್ನು ಅಳೆಯಬೇಕು. ದೂರ ಅಳೆಯುವ ಕಿಂಡಿಯಲ್ಲಿ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಮಸೂರವನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳೂ ಹತ್ತಿರ ಬಂದು ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಮಸೂರವೂ ಸರಿಯಾದ ದೂರಕ್ಕೆ ಬಂದಿರುತ್ತದೆ.

ಇದು ತ್ರಿಕೋಣಮಿತಿಯ ಚಮತ್ಕಾರ. ಕ್ಯಾಮರಾದ ಮುಂಭಾಗದಲ್ಲಿ ಸುಮಾರು ೩೯ ಮಿಲಿಮೀಟರ್ ಅಂತರದಲ್ಲಿ ಎರಡು ಗವಾಕ್ಷಿಗಳಿವೆ. ಇದು ತ್ರಿಕೋಣದ ತಳ. ಎದುರಿನ ವಸ್ತು ಅದರ ಶಿಖರ. ವಸ್ತು ಒಂದು ಮೀಟರ್ ದೂರದಲ್ಲಿದ್ದರೆ ಶಿಖರದ ಕೋನ ಸುಮಾರು ಎರಡೂಕಾಲು ಡಿಗ್ರಿ. ಹತ್ತು ಮೀಟರಿನಲ್ಲಿದ್ದರೆ ಡಿಗ್ರಿಯ ಕಾಲುಭಾಗಕ್ಕಿಂತಲೂ ಕಡಿಮೆ. ಖಗೋಳಜ್ಞರು ಭೂಮಿಯ ಕಕ್ಷೆಯನ್ನೇ ತಳವಾಗಿಟ್ಟುಕೊಂಡು ನಕ್ಷತ್ರಗಳ ದೂರವನ್ನು ಅಳೆಯುವುದೂ ಇದೇ ತತ್ತ್ವದಿಂದ.

ಮಸೂರದ ಮೂಲಕ ನೋಡದಿರುವುದರಿಂದ ಒಂದು ಅಪಾಯವೂ ಉಂಟು. ಮಸೂರದ ಮುಚ್ಚಳವನ್ನು ತೆಗೆಯಲು ಮರೆತರೂ ಕಿಂಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ. ಮೊದಲ ಸುರುಳಿಯಲ್ಲಿ ನಾವು ಹೀಗೆ ಐದು ಚಿತ್ರಗಳನ್ನು ಕಳೆದುಕೊಂಡೆವು. ಆ ಹೆದರಿಕೆಯಿಂದ ಮುಚ್ಚಳವನ್ನೇ ತೆಗೆದು ಪೆಟ್ಟಿಗೆಯಲ್ಲಿ ಹಾಕಿಬಿಟ್ಟೆವು. ನಮ್ಮ ಅನರ್ಥಕ್ಕೆ ನಾಂದಿಯಾದದ್ದು ಈ ಜಾಣತನವೇ.

ಓಡುವ ಪರದೆಗಳು

ಫಿಲ್ಮಿನ ಮುಂದೆ, ಅದಕ್ಕೆ ತಾಗಿಯೂ ತಾಗದಂತೆ, ರಬ್ಬರು ಲೇಪಿಸಿದ ತೆಳುಬಟ್ಟೆಯ ಎರಡು ಪರದೆಗಳಿವೆ. ಫಿಲ್ಮನ್ನು ಮುಂದಕ್ಕೆ ಸುತ್ತಿದಾಗ ಮೊದಲನೆಯ ಪರದೆ ಬಂದು ಚೌಕಟ್ಟನ್ನು ಮುಚ್ಚುತ್ತದೆ. ಗುಂಡಿ ಒತ್ತಿದಾಗ ಅದು ಸರ್ರನೆ ಸರಿದು ಫಿಲ್ಮಿಗೆ ಬೆಳಕು ಬಿಡುತ್ತದೆ. ಗೊತ್ತಾದ ಕಾಲದ ಬಳಿಕ ಎರಡನೆಯ ಪರದೆ ಬೆನ್ನಟ್ಟಿ ಬಂದು ಮುಚ್ಚುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವೇಗದಲ್ಲಿ ಎರಡು ಪರದೆಗಳ ನಡುವಣ ಸಂದು ಸುಮಾರು ಎರಡು ಮಿಲಿಮೀಟರ್ ಮಾತ್ರ. ಆ ಸಂದು ಫಿಲ್ಮಿನ ಮೇಲೆ ಗುಡಿಸಿಕೊಂಡು ಹೋಗುತ್ತದೆ.

ಬಳಸುವವನು ಇಲ್ಲಿ ಕೆಲವು ಶಿಸ್ತುಗಳನ್ನು ಪಾಲಿಸಬೇಕು. ವೇಗದ ಚಕ್ರವನ್ನು ಫಿಲ್ಮ್ ಸುತ್ತಿದ ಮೇಲೆಯೇ ಹೊಂದಿಸಬೇಕು. ಗುಂಡಿಯೊತ್ತಿದಾಗ ಆ ಚಕ್ರವೂ ತಿರುಗುವುದರಿಂದ ಅದಕ್ಕೆ ಬೆರಳು ತಾಗಬಾರದು. ಫಿಲ್ಮನ್ನು ತಳದಿಂದ ತೂರಿಸಬೇಕಾದುದರಿಂದ ಅದರ ತುದಿಯನ್ನು ಸುಮಾರು ೧೦ ಸೆಂಟಿಮೀಟರ್ ಉದ್ದಕ್ಕೆ ನಾಲಗೆಯಂತೆ ಕತ್ತರಿಸಬೇಕು. ಸುತ್ತುವಾಗ ಇನ್ನೊಂದು ಬದಿಯ ಹಿಂದಿರುಗಿಸುವ ಗುಬಟವೂ ತಿರುಗುತ್ತಿದ್ದರೆ ಫಿಲ್ಮ್ ಓಡುತ್ತಿದೆಯೆಂದು ತಿಳಿಯಬಹುದು. ಇಲ್ಲವಾದರೆ ಮೂವತ್ತಾರು ಚಿತ್ರಗಳನ್ನು ತೆಗೆದೆವೆಂಬ ಭ್ರಮೆ ಮಾತ್ರ ಉಳಿಯುತ್ತದೆ.

ಬೆಳಕನ್ನು ಅಳೆಯುವ ಉಪಕರಣ ಇದರಲ್ಲಿಲ್ಲ. ಆದರೆ ಬಿಸಿಲಿಗೆ ಒಂದು ಸುಲಭ ಸೂತ್ರವುಂಟು. ಕಿಂಡಿಯನ್ನು ೧೬ಕ್ಕೆ ಇಟ್ಟು, ಫಿಲ್ಮಿನ ವೇಗಾಂಕ ಎಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಪಾಲು ಬೆಳಕು ಕೊಡಬೇಕು. ೧೦೦ರ ಫಿಲ್ಮಿಗೆ ನೂರರಲ್ಲೊಂದು ಸೆಕೆಂಡು. ಕಿಂಡಿಯನ್ನು ೧೧ಕ್ಕೆ ಹಿಗ್ಗಿಸಿದರೆ ಬೆಳಕು ಇಮ್ಮಡಿಯಾಗುವುದರಿಂದ ಇನ್ನೂರರಲ್ಲೊಂದು ಸೆಕೆಂಡು ಸಾಕು. ಕಿಂಡಿ ಕಿರಿದಾದಷ್ಟೂ ಹೆಚ್ಚು ಆಳದವರೆಗೆ ವಸ್ತುಗಳು ಸ್ಪಷ್ಟವಾಗಿ ಮೂಡುತ್ತವೆ. ೫೦ ಮಿಲಿಮೀಟರಿನ ಮಸೂರವನ್ನು ೮ರ ಕಿಂಡಿಯಲ್ಲಿ ಸುಮಾರು ೯ ಮೀಟರಿಗೆ ಹೊಂದಿಸಿದರೆ ಐದು ಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ.

ಚುಕ್ಕೆಯ ಗುಟ್ಟು

ಇಷ್ಟನ್ನು ತಿಳಿದುಕೊಂಡ ಮೇಲೆ ನೆಗೆಟಿವುಗಳನ್ನು ಮತ್ತೊಮ್ಮೆ ಸಾಲಾಗಿಟ್ಟು ನೋಡಿದೆವು. ಆಗ ಒಂದು ಕ್ರಮ ಕಣ್ಣಿಗೆ ಬಿತ್ತು. ಮನೆಯೊಳಗೆ ತೆಗೆದ ಚಿತ್ರಗಳಲ್ಲಿ ಚುಕ್ಕೆಯಿಲ್ಲ. ಹೊರಗೆ ಒಂದರ ಬೆನ್ನಿಗೊಂದು ಬೇಗಬೇಗನೆ ತೆಗೆದವುಗಳಲ್ಲಿಯೂ ಇಲ್ಲ. ಬಿಸಿಲಿನಲ್ಲಿ ಬಹಳ ಹೊತ್ತು ಕಾದು ತೆಗೆದವುಗಳಲ್ಲಿ ಮಾತ್ರ ಇದೆ. ಕುರ್ಚಿ ಹೊಂದಿಸಿ, ಚಿಕ್ಕಮ್ಮನವರು ಸೆರಗು ಸರಿಮಾಡಿಕೊಳ್ಳುವವರೆಗೂ ಕಾದು ತೆಗೆದ ಅಂಗಳದ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಚುಕ್ಕೆ!

ಎಂದರೆ ಬೆಳಕು ನುಗ್ಗಿದ್ದು ಗುಂಡಿ ಒತ್ತಿದಾಗ ಅಲ್ಲ. ಒತ್ತುವುದಕ್ಕೆ ಮೊದಲು, ಪರದೆ ಮುಚ್ಚಿರುವಾಗ. ಪರದೆಯಲ್ಲಿ ತೂತಿರಬೇಕು. ಚಿತ್ರಕ್ಕೆ ಬೇಕಾದದ್ದು ಇನ್ನೂರರಲ್ಲೊಂದು ಸೆಕೆಂಡಿನ ಬೆಳಕು. ಒಂದು ನಿಮಿಷ ಕಾದರೆ ತೂತಿನೆದುರಿನ ಬಿಂದುವಿಗೆ ಅದರ ಹನ್ನೆರಡು ಸಾವಿರ ಪಟ್ಟು ಬೆಳಕು ಬಿದ್ದಂತಾಯಿತು.

ಅಳುಕುತ್ತ ಚಿತ್ರವನ್ನು ಚಿಕ್ಕಪ್ಪನವರ ಮುಂದಿಟ್ಟೆವು. ಅವರು ಕನ್ನಡಕವನ್ನು ಹಣೆಗೇರಿಸಿ, ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ತಂದು ಒಂದು ಕ್ಷಣ ನೋಡಿದರು.

“ಸಂಜೆ ಹೊತ್ತು ಜಗಲಿಕಟ್ಟೆ ಮೇಲೆ ಇಟ್ಟಿದ್ದೆಯೇನೋ?” ಎಂದರು.

ಇಟ್ಟಿದ್ದೆವು. ಅವರು ಮನೆಯಲ್ಲಿರಲಿಲ್ಲ, ಹೇಗೆ ತಿಳಿಯಿತೆಂದು ಕೇಳಿದೆವು.

“ಚುಕ್ಕೆ ಇರುವ ಜಾಗ ಹೇಳುತ್ತದೆ, ಮಾರಾಯ. ಲೆಕ್ಕ ಹಾಕು” ಎಂದು ಪೆನ್ಸಿಲು ಕೊಟ್ಟರು.

ಲೆಕ್ಕ ಹಾಕಿದೆವು. ಚಿತ್ರ ನೆಗೆಟಿವಿನ ಐದು ಪಟ್ಟು ದೊಡ್ಡದು. ಚುಕ್ಕೆ ಚಿತ್ರದ ನಡುಬಿಂದುವಿನಿಂದ ೫೦ ಮಿಲಿಮೀಟರ್ ಬಲಕ್ಕೆ, ೩೦ ಮಿಲಿಮೀಟರ್ ಮೇಲಕ್ಕಿದೆ. ನೆಗೆಟಿವಿನಲ್ಲಿ ಅದು ೧೦ ಮತ್ತು ೬ ಮಿಲಿಮೀಟರ್. ನಾಭಿದೂರ ೫೦ ಮಿಲಿಮೀಟರಾದ್ದರಿಂದ, ಚುಕ್ಕೆಗೆ ಕಾರಣವಾದ ವಸ್ತು ಕ್ಯಾಮರಾದ ನೇರದಿಂದ ಸುಮಾರು ೧೧ ಡಿಗ್ರಿ ಬಲಕ್ಕೂ ೭ ಡಿಗ್ರಿ ಮೇಲಕ್ಕೂ ಇದ್ದಿರಬೇಕು. ಆ ದಿನ ಮಡಿಸಿದ ಟವೆಲಿನ ಮೇಲೆ, ಮಸೂರ ತುಸು ಮೇಲ್ಮುಖವಾಗಿರುವಂತೆ, ನೈಋತ್ಯಕ್ಕೆ ತಿರುಗಿಸಿ ಕ್ಯಾಮರಾವನ್ನು ಇಟ್ಟಿದ್ದೆವು. ಆ ಓರೆಯನ್ನು ಸುಮಾರು ೧೫ ಡಿಗ್ರಿಯೆಂದು ಹಿಡಿದರೆ ವಸ್ತುವಿನ ಎತ್ತರ ದಿಗಂತದಿಂದ ೨೨ ಡಿಗ್ರಿ. ಜನವರಿಯ ಸಂಜೆ ಸುಮಾರು ನಾಲ್ಕೂಮುಕ್ಕಾಲು ಗಂಟೆಗೆ ನಮ್ಮ ಸೀಮೆಯಲ್ಲಿ ಆ ಎತ್ತರದಲ್ಲಿರುವುದು ಯಾವುದು? ಸೂರ್ಯನಲ್ಲದೆ ಇನ್ನಾವುದು!

ಆಗ ಎಲ್ಲವೂ ನೆನಪಾಯಿತು. ಆ ಸಂಜೆ ಜಗಲಿಯ ಮಬ್ಬಿನಲ್ಲಿ ಚಿತ್ರ ತೆಗೆಯಲೆಂದು ಕಿಂಡಿಯನ್ನು ಪೂರ್ತಿ ತೆರೆದಿದ್ದೆವು. ಎಲ್ಮಾರನ್ನು ಒಳಕ್ಕೆ ಮಡಿಸುವ ಮೊದಲು ಅನಂತ ದೂರದ ಗುರುತಿಗೆ ತಂದು ಕೊಂಡಿ ಹಾಕಬೇಕು. ಕೊಂಡಿ ಹಾಕಿದ್ದೆವು, ಅಷ್ಟರಲ್ಲಿ ಕಾಫಿಗೆ ಕರೆ ಬಂದುದರಿಂದ ಮಡಿಸುವುದನ್ನು ಮರೆತು ಕಟ್ಟೆಯ ಮೇಲಿಟ್ಟು ಹೋದೆವು. ಮುಚ್ಚಳವಂತೂ ಪೆಟ್ಟಿಗೆಯಲ್ಲಿತ್ತು. ಸೂರ್ಯನ ಮೇಲೆ ಸರಿಯಾಗಿ ಗುರಿಯಿಟ್ಟ ಭೂತಗನ್ನಡಿಗೂ ನಮ್ಮ ಕ್ಯಾಮರಾಕ್ಕೂ ಆಗ ವ್ಯತ್ಯಾಸವೇ ಇರಲಿಲ್ಲ. ೫೦ ಮಿಲಿಮೀಟರಿನ ಮಸೂರ ಮೂಡಿಸುವ ಸೂರ್ಯಬಿಂಬದ ವ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ. ೧೪ ಮಿಲಿಮೀಟರ್ ಅಗಲದ ಕಿಂಡಿ ಹಿಡಿದ ಬಿಸಿಲೆಲ್ಲ ಆ ಬಿಂದುವಿನಲ್ಲಿ ಕೂಡಿದಾಗ ಅದರ ತೀವ್ರತೆ ಸುಮಾರು ಒಂಬೈನೂರು ಪಟ್ಟು! ಕಿಂಡಿ ೧೬ರಲ್ಲಿದ್ದಿದ್ದರೆ ಅದು ನಲವತ್ತೈದು ಪಟ್ಟಿನಷ್ಟೇ ಆಗಿ ಬಟ್ಟೆ ಉಳಿಯುತ್ತಿತ್ತೋ ಏನೋ.

ಮಸೂರದ ಚಿತ್ರ ತಲೆಕೆಳಗು. ಮೇಲೆ ಬಲಕ್ಕಿದ್ದ ಸೂರ್ಯ ಪರದೆಯ ಕೆಳಗಿನ ಎಡಭಾಗವನ್ನು ಸುಟ್ಟ. ಆ ತೂತಿನಿಂದಾದ ಕಲೆ, ಚಿತ್ರ ನೇರವಾದಾಗ, ಮತ್ತೆ ಮೇಲಿನ ಬಲಭಾಗಕ್ಕೇ ಬಂತು. ಚುಕ್ಕೆ ಇರುವುದು ಆ ಸಂಜೆ ಸೂರ್ಯನಿದ್ದ ಸ್ಥಳದಲ್ಲಿಯೇ.

ಆ ರಾತ್ರಿ ಚಿಕ್ಕಪ್ಪನವರು ದೀಪವಾರಿಸಿ, ಮಸೂರವನ್ನೂ ತಳದ ಮುಚ್ಚಳವನ್ನೂ ಬಿಚ್ಚಿಸಿ, ಪರದೆಯನ್ನು ಸಜ್ಜುಗೊಳಿಸಿ, ಫಿಲ್ಮ್ ಹೋಗುವ ಸಂದಿಗೆ ಟಾರ್ಚಿನ ಬೆಳಕನ್ನು ಬಿಡಹೇಳಿದರು. ಮುಂದಿನಿಂದ ನೋಡಿದರೆ ಕಪ್ಪು ಬಟ್ಟೆಯ ನಡುವೆ ಒಂದು ಚಿಕ್ಕ ನಕ್ಷತ್ರ! ಹಳೆಯ ಕ್ಯಾಮರಾ ಕೊಳ್ಳುವವರು ಮಾಡಲೇಬೇಕಾದ ಪರೀಕ್ಷೆಯಿದು. ಚಿಕ್ಕಪ್ಪನವರು ಗದರಲಿಲ್ಲ. “ನನಗೆ ಕೊಟ್ಟವರು ಮೊದಲು ಹೇಳಿದ ಮಾತೇ ಇದು. ನಿನಗೆ ಹೇಳಲು ನಾನು ಮರೆತೆ” ಎಂದರು. ಗದರಿದ್ದರೆ ನಮಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಮಳೆಗಾಲದ ಶತ್ರು

ಬೆಂಗಳೂರಿನ ಒಬ್ಬ ವೃದ್ಧ ಕುಶಲಕರ್ಮಿಗಳು ಹೊಸ ಪರದೆಯನ್ನು ಹಾಕಿಕೊಟ್ಟರು. ಚಿಕ್ಕ ತೂತಾದರೆ ಬಾಗುವಂತಹ ಕಪ್ಪು ಬಣ್ಣದಿಂದ ಮುಚ್ಚಬಹುದೆಂದೂ ಅದು ಶಾಶ್ವತವಲ್ಲವೆಂದೂ ತಿಳಿಸಿದರು. ಬಿಸಿಲಿಗಿಂತ ದೊಡ್ಡ ಶತ್ರು ನಮ್ಮ ಮಳೆಗಾಲವೆಂದು ಎಚ್ಚರಿಸಿದವರೂ ಅವರೇ. ಮಲೆನಾಡು, ಕರಾವಳಿಗಳ ತೇವದಲ್ಲಿ ಮಸೂರದ ಒಳಮೈ ಮೇಲೆ ಬೂಷ್ಟು ಜೇಡರ ಬಲೆಯಂತೆ ಹಬ್ಬುತ್ತದೆ. ಬಹುಕಾಲ ಬಿಟ್ಟರೆ ಅದು ಸ್ರವಿಸುವ ಆಮ್ಲ ಲೇಪವನ್ನೂ ಗಾಜನ್ನೂ ಕೊರೆಯುತ್ತದೆ. ಚರ್ಮದ ಚೀಲ ನೋಡಲು ಚೆಂದ. ಆದರೆ ತೇವ ಹಿಡಿದಿಡುತ್ತದೆ. ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಹರಳುಗಳೊಡನೆ ಇಟ್ಟು, ಆ ಹರಳುಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮರಾವನ್ನು ಬಳಸುತ್ತಿರಬೇಕು. ನಿಂತ ಯಂತ್ರದಲ್ಲಿ ಎಣ್ಣೆ ಗಟ್ಟಿಯಾಗಿ ನಿಧಾನ ವೇಗಗಳು ಮೊದಲು ಕೆಡುತ್ತವೆ.

ಹೊಸ ಪರದೆ ಬಂದ ಮೇಲೆ ಅಂಗಳದ ಚಿತ್ರವನ್ನು ಮತ್ತೊಮ್ಮೆ ತೆಗೆಯುವುದೆಂದು ನಿಶ್ಚಯಿಸಿದ್ದೆವು. ಬೇಸಗೆಯಲ್ಲಿ ತೆಗೆದರಾಯಿತು, ಹಬ್ಬದಲ್ಲಿ ತೆಗೆದರಾಯಿತು ಎಂದು ದಿನ ದೂಡಿದೆವು. ಆ ವರ್ಷದ ಮಳೆಗಾಲದಲ್ಲಿ ಚಿಕ್ಕಮ್ಮನವರು ತೀರಿಕೊಂಡರು. ಇಬ್ಬರೂ ಒಟ್ಟಿಗೆ ಕುಳಿತ ಚಿತ್ರಗಳಲ್ಲಿ ಅದೇ ಕೊನೆಯದಾಯಿತು.

ಇಂದಿನ ಸಾಧನಗಳಿಂದ ಆ ಚುಕ್ಕೆಯನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಅಳಿಸಿ ಮುದ್ರಿಸಿಕೊಡುತ್ತೇವೆಂದು ಚಿಕ್ಕಪ್ಪನವರಿಗೆ ಹೇಳಿದೆವು. ಅವರು ಬೇಡವೆಂದರು. “ನಾವಿಬ್ಬರು ಕೂತಿದ್ದಲ್ಲಿಗೆ ಸೂರ್ಯನೂ ಬಂದು 
ಕೂತಿದ್ದಾನೆ. ಇರಲಿ ಬಿಡು” ಎಂದರು.

ಈಗ ಅವರೂ ಇಲ್ಲ. ಕ್ಯಾಮರಾ ಕೆಲಸ ಮಾಡುತ್ತಿದೆ. ಪ್ರತಿ ಚಿತ್ರ ತೆಗೆದ ಮೇಲೆ ಎಲ್ಮಾರನ್ನು ಒಳಕ್ಕೆ ಮಡಿಸಿ, ಮುಚ್ಚಳ ಹಾಕಿ, ಆಮೇಲೆಯೇ ಕೆಳಗಿಡುತ್ತೇವೆ.